ಬದುಕಿರುವಾಗ ಲಿಯಾವ್, ಸತ್ತ ಮೇಲೆ ಚಾಂಗ್

ಆರನೇ ಅತ್ತೆ ಆ ಹಾಳೆಯನ್ನು ಮುಟ್ಟಲಿಲ್ಲ. ಮಸಿ ಆರಲೆಂದು ಅದನ್ನು ಊಟದ ಮೇಜಿನ ಮೇಲೆ ಹರಡಿಟ್ಟಿತ್ತು. ಗದ್ದದಿಂದಲೇ ಅದರತ್ತ ತೋರಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಇದನ್ನ ಸುಡಬೇಡ, ಮೇಡಮ್ಮು. ಬದುಕಿರೋರ ಹೆಸರಿಗೂ ಚಾಂಗ್ ಅಂತ ಸೇರಿಸಿಬಿಟ್ಟಿದ್ದೀಯ."

ಕುಂಚ ತೊಳೆಯುತ್ತಿದ್ದ ಪೇಜೆನ್ ತಿರುಗಿ ನಕ್ಕಳು. 'ಮೇಡಮ್ಮು' ಎಂದು ಕರೆಸಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು. ಕೀಲುಂಗ್ ಬಂದರಿನಲ್ಲಿ ಹುಟ್ಟಿ ಬೆಳೆದು, ಅಲ್ಲಿನ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವಳು. ಮದುವೆಯಾಗಿ ಎಂಟು ವರ್ಷವಾಗಿದ್ದರೂ, ಗಂಡ ಮತ್ತು ಮಗಳೊಂದಿಗೆ ಶಿಲುವೋದ ಈ ಸೋಯಾ ಸಾಸ್ ಮಾಡುವ ಮನೆಗೆ ಬಂದು ನೆಲೆಸಿದ್ದು ಹೋದ ವರ್ಷ. ಮಾವನ ತಂಗಿ, ಒಡಹುಟ್ಟಿದವರಲ್ಲಿ ಆರನೆಯವಳಾದ ಈ ಅತ್ತೆಯ ದೃಷ್ಟಿಯಲ್ಲಿ ಅವಳು ಇನ್ನೂ ಬಸ್ಸಿನಿಂದ ಇಳಿದೇ ಇರಲಿಲ್ಲ.

ಲಿಯಾವ್ ಮನೆತನದವರು ಉಸಿರಿರುವಷ್ಟು ದಿನ ಲಿಯಾವ್. ಉಸಿರು ನಿಂತ ಗಳಿಗೆಯಿಂದ ಚಾಂಗ್. ಎಷ್ಟೋ ತಲೆಮಾರಿನ ಹಿಂದೆ ಚಾಂಗ್ ಮನೆಯ ಹುಡುಗನೊಬ್ಬ ಗಂಡುಮಕ್ಕಳಿಲ್ಲದ ಲಿಯಾವ್ ಮನೆಗೆ ಮನೆಅಳಿಯನಾಗಿ ಹೋದನಂತೆ. ಬದುಕು ನಿಮ್ಮ ಹೆಸರಿನಲ್ಲಿ, ಸಾವು ನನ್ನ ಹಿರಿಯರ ಹೆಸರಿನಲ್ಲಿ ಎಂದು ಮಾತು ಕೊಟ್ಟನಂತೆ. ಅಂದಿನಿಂದ ಸರ್ಕಾರಿ ಕಾಗದದಲ್ಲೆಲ್ಲ ಲಿಯಾವ್. ಗೋರಿಯ ಕಲ್ಲಿನ ಮೇಲೆ, ಹಿರಿಯರ ಮರದ ಫಲಕದ ಮೇಲೆ ಚಾಂಗ್.

ಈ ಎರಡು ಹೆಸರು ಪೇಜೆನ್‌ಗೆ ಇಡೀ ಚಳಿಗಾಲ ತಲೆನೋವು ತಂದಿದ್ದವು. ಹಿರಿಯರ ಕೋಣೆಗೆ ಹೊಸ ಹೆಂಚು ಹೊದಿಸುವ ಹೊತ್ತಿಗೆ ವಂಶವೃಕ್ಷವೊಂದನ್ನು ಬರೆದು ತೂಗುಹಾಕಬೇಕೆಂದು ಮಾವ ಕೇಳಿದ್ದರು. ಅವಳು ಖುಷಿಯಿಂದಲೇ ಒಪ್ಪಿಕೊಂಡಿದ್ದಳು. ಕುಟುಂಬ ನೋಂದಣಿ ಕಚೇರಿಯಿಂದ ಜಪಾನಿಯರು ಆಳುತ್ತಿದ್ದ ಕಾಲದ ದಾಖಲೆಗಳ ನಕಲು ತಂದಳು. ಜನಗಣತಿಯ ವರ್ಷ ಮನೆಮನೆಗೆ ಹೋಗಿ ಬರೆದುಕೊಂಡದ್ದು: ಯಜಮಾನ ಯಾರು, ದತ್ತು ಬಂದವರು ಯಾರು, ಯಾರು ಅಫೀಮು ಸೇದುತ್ತಾರೆ, ಯಾವ ಹೆಂಗಸಿನ ಪಾದ ಬೆಳೆಯದಂತೆ ಬಿಗಿದು ಕಟ್ಟಿದ್ದಾರೆ. ಸತ್ತವರ ಹೆಸರಿನ ಮೇಲೆ ಒಂದು ಓರೆಗೆರೆ. ಇವುಗಳ ಜೊತೆ ಜಮೀನಿನ ಕ್ರಯಪತ್ರ, ಗೋರಿಕಲ್ಲುಗಳ ಫೋಟೋ. ಆದರೆ ಒಬ್ಬನೇ ಮನುಷ್ಯ ಒಂದು ಕಾಗದದಲ್ಲಿ ಲಿಯಾವ್, ಇನ್ನೊಂದು ಕಲ್ಲಿನಲ್ಲಿ ಚಾಂಗ್ ಆದರೆ ಪಟ್ಟಿ ಮಾಡುವುದು ಹೇಗೆ? ರಕ್ತ ಚಾಂಗ್ ಎಂದಮೇಲೆ ಎಲ್ಲರೂ ಚಾಂಗ್ ಎಂದು ಅವಳು ತೀರ್ಮಾನಿಸಿದ್ದಳು. ಗೋಡೆಗೆ ಹಾಕುವ ದೊಡ್ಡ ವಂಶವೃಕ್ಷವನ್ನೇನೋ ಮಾವ ಹೇಳಿದಂತೆಯೇ ಬರೆದಳು. ಪೂಜೆಯ ದಿನ ಸುಟ್ಟು ಹಿರಿಯರಿಗೆ ತಲುಪಿಸುವ ಪ್ರತಿಯನ್ನು ಮಾತ್ರ ತನಗೆ ಸರಿಕಂಡಂತೆ ಬರೆದಳು. ಕೊನೆಯ ನಾಲ್ಕು ಸಾಲುಗಳಲ್ಲಿ ಬದುಕಿದ್ದವರು: ಮಾವ ತ್ಯೆನ್‌ಲಾಯ್, ಭಾವ ಜುನ್‌ಫೂ, ಗಂಡ ಜುನ್‌ಯೀ, ಏಳು ವರ್ಷದ ಮಗಳು ಸಿನ್‌ರೂ. ನಾಲ್ವರೂ ಚಾಂಗ್. ಸೊಸೆಯರನ್ನು ತವರಿನ ಹೆಸರಿನಲ್ಲೇ ಬರೆಯುವುದು ವಾಡಿಕೆಯಾದ್ದರಿಂದ ಗಂಡನ ಪಕ್ಕದಲ್ಲಿ ತನ್ನನ್ನು ಕೋ ಪೇಜೆನ್ ಎಂದೇ ಬರೆದುಕೊಂಡಿದ್ದಳು.

ಈ ಊರಿನಲ್ಲಿ ಮಾಟ ಮಾಡಲು ಗೊಂಬೆ ಬೇಡ, ಸೂಜಿ ಬೇಡ, ಇಂಥದ್ದೊಂದು ಹಾಳೆ ಸಾಕು ಎಂದಳು ಅತ್ತೆ.

"ಹಂಗಾದ್ರೆ ನಮ್ಮ ಹೆಡ್‌ಮಾಸ್ಟರು ಲಿಯಾವ್ ಆಗಿರಬೇಕಿತ್ತು, ಅತ್ತೆ. ನಾನು ಕೆಲಸ ಬಿಡ್ತಾನೇ ಇರ್ಲಿಲ್ಲ."

ಅತ್ತೆ ನಗಲಿಲ್ಲ. ಮದುವೆಯಾಗಿ ಹೋದ ತನ್ನ ಹೆಸರು ಈ ಪಟ್ಟಿಯಲ್ಲಿಲ್ಲ, ತನಗಾಗಿ ತಾನು ಕೇಳುತ್ತಿಲ್ಲ ಎಂದಳು. ಅವಳನ್ನು ಸಮಾಧಾನಪಡಿಸಲೆಂದು ಪೇಜೆನ್, ಆಯ್ತು, ಬೇರೆ ಬರೆಯುತ್ತೇನೆ ಎಂದಳು. ಇನ್ನೊಂದು ಪ್ರತಿ ಬರೆಯಲು ಒಂದು ಗಂಟೆ ಸಾಕಿತ್ತು. ಮಗಳಿಗೆ ಸ್ನಾನ ಮಾಡಿಸುವುದಿತ್ತು, ನಾಳೆಯ ಅಕ್ಕಿ ನೆನೆಹಾಕುವುದಿತ್ತು. ಅತ್ತೆ ಹೋದಮೇಲೆ ಅದೇ ಹಾಳೆಯನ್ನು ಮಡಚಿ ಹಳದಿ ಲಕೋಟೆಗೆ ಹಾಕಿ ಅಂಟಿಸಿದಳು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪೂಜೆ. ಹೊಸ ಹೆಂಚಿನ ಸುಣ್ಣದ ವಾಸನೆ, ಊದುಬತ್ತಿಯ ಹೊಗೆ, ಹುರಿದ ಹಂದಿಮಾಂಸದ ಜಿಡ್ಡು. ಅಂಗಳದಲ್ಲಿ ಸಾಲಾಗಿ ನಿಂತ ಮಣ್ಣಿನ ಗುಡಾಣಗಳಲ್ಲಿ ಹುಳಿಯುತ್ತಿದ್ದ ಕರಿ ಬೀನ್ಸಿನ ಉಪ್ಪುಗಂಪು. ಮಾವ ತಮ್ಮ ಕೈಯಿಂದಲೇ ಲಕೋಟೆಯನ್ನು ಪೂಜೆಯ ಕಾಗದ ಸುಡುವ ಒಲೆಗೆ ಹಾಕಿದರು. ಅದು ಭಗ್ಗೆಂದು ಹತ್ತಿಕೊಳ್ಳಲಿಲ್ಲ. ಯಾರೋ ಬೆಂಕಿಯೊಳಗೆ ಕುಳಿತು ಬಿಡಿಸಿ ಓದುತ್ತಿರುವಂತೆ ಒಂದೊಂದೇ ಮಡಿಕೆಯಾಗಿ ಕರಗಿತು. ಜನರ ಸಾಲಿನ ಕೊನೆಯಲ್ಲಿ ನಿಂತಿದ್ದ ಆರನೇ ಅತ್ತೆ ಪೇಜೆನ್‌ಳ ಮುಖ ನೋಡಿದಳು. ಪೇಜೆನ್ ತಲೆಯಾಡಿಸಿದಳು, ಬೇರೆ ಬರೆದಿದ್ದೇನೆ ಎಂಬಂತೆ.

ಮಂಗಳವಾರ ಹನ್ನೊಂದಕ್ಕೆ ಮಾವ ಚಹಾಕ್ಕೆ ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಅವಳು ಹುಡುಕುತ್ತ ಅಂಗಳಕ್ಕೆ ಬಂದಳು. ಮೂರನೆಯ ಸಾಲಿನ ಗುಡಾಣವೊಂದರ ಮುಚ್ಚಳ ಕೆಳಗೆ ಬಿದ್ದಿತ್ತು. ಮೇಲಿನ ಉಪ್ಪಿನ ಪದರ ಒಡೆದು ಕಪ್ಪು ರಸ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಒಳಗಿಂದ ಮಾವನ ತಲೆ ಅವಳನ್ನು ನೋಡುತ್ತಿತ್ತು.

ಹೂತ ಆರೇಳು ವರ್ಷದ ಮೇಲೆ ಗೋರಿ ಬಿಚ್ಚಿಸಿ, ಮೂಳೆ ಒಣಗಿಸಿ ಗಡಿಗೆಯಲ್ಲಿ ಕೂರಿಸುವುದು ಇಲ್ಲಿ ಎಲ್ಲ ಮನೆಯಲ್ಲೂ ನಡೆಯುವ ಕೆಲಸ. ಮೊದಲು ಪಾದ, ಆಮೇಲೆ ಕಣಕಾಲು, ತೊಡೆ, ಸೊಂಟ, ಬೆನ್ನೆಲುಬು. ತಲೆಬುರುಡೆ ಎಲ್ಲಕ್ಕಿಂತ ಮೇಲೆ. ಮಾವನನ್ನೂ ಹಾಗೆಯೇ ಕೂರಿಸಲಾಗಿತ್ತು, ಮಾಂಸದ ಸಮೇತ. ಮಂಡಿಗಳು ಕಿವಿಯ ಹಿಂದೆ ಇದ್ದವು. ಸೊಂಟ ಎರಡಾಗಿ ಮುರಿದು ಒಂದರೊಳಗೊಂದು ಸೇರಿಕೊಂಡಿತ್ತು. ಗುಡಾಣದ ಒಳಗೋಡೆಯ ಮೇಲೆ ಹತ್ತು ಗೀರುಗಳಿದ್ದವು. ಉಗುರುಗಳು ಆ ಗೀರುಗಳಲ್ಲೇ ಉಳಿದಿದ್ದವು. ಗುಡಾಣಕ್ಕೆ ಇಳಿಯುವಾಗ ಅವರಿಗೆ ಜೀವವಿತ್ತು ಎಂದು ಪೊಲೀಸರು ಆಮೇಲೆ ಹೇಳಿದರು. ಮೂರು ನಾಲ್ಕು ಬಲಿಷ್ಠರಾದರೂ ಬೇಕು ಇಂಥ ಕೆಲಸಕ್ಕೆ ಎಂದೂ ಹೇಳಿದರು.

ಶುಕ್ರವಾರ ಹನ್ನೊಂದಕ್ಕೆ ಭಾವ ಜುನ್‌ಫೂ. ಮದುವೆಯಾಗದೆ ಲಾರಿಯನ್ನೇ ಸಂಸಾರ ಮಾಡಿಕೊಂಡಿದ್ದ ಮನುಷ್ಯ. ಅಪ್ಪನ ಶವಪೆಟ್ಟಿಗೆಗೆ ಹೂವು ತರಲು ಲಾರಿ ಚಾಲೂ ಮಾಡಿದ್ದ. ಎಂಜಿನ್ ಗುರುಗುಡುತ್ತಲೇ ಇತ್ತು. ಚಾಲಕನ ಸೀಟು ಖಾಲಿ. ಲಾರಿಯ ಹೊಟ್ಟೆಯ ಕೆಳಗೆ ಸ್ಪ್ಯಾನರುಗಳನ್ನು ಇಡುವ ತಗಡಿನ ಪೆಟ್ಟಿಗೆಯೊಂದಿದೆ, ತೊಟ್ಟಿಲಿಗಿಂತ ಚಿಕ್ಕದು. ಅದರ ಸಂದಿನಿಂದ ರಕ್ತ ಎಳೆಯಾಗಿ ಇಳಿಯುತ್ತಿತ್ತು. ಜುನ್‌ಯೀ ಕಬ್ಬಿಣದ ಸಲಾಕೆ ಹಾಕಿ ಪೆಟ್ಟಿಗೆ ತೆರೆದ. ಅಣ್ಣನ ಮುಖ ಕಂಡದ್ದೇ ಮೊದಲು, ಎಲ್ಲಕ್ಕಿಂತ ಮೇಲೆ. ಸ್ಪ್ಯಾನರುಗಳು ಅವನ ಪಕ್ಕೆಯ ಒಳಗಿದ್ದವು.

ಪೇಜೆನ್ ಚೀರಲಿಲ್ಲ. ಒಳಗೆ ಹೋಗಿ ತನ್ನ ದಾಖಲೆಗಳ ಕಡತ ಬಿಚ್ಚಿದಳು. ಒಂದು ಪುಟ ಅವಳಿಗೆ ನೆನಪಿತ್ತು. ಜಪಾನಿನ ತೈಶೋ ದೊರೆಯ ನಾಲ್ಕನೆಯ ವರ್ಷ, ಅಂದರೆ 1915, ಇದೇ ಮನೆತನದ ಇನ್ನೊಂದು ಕವಲು. ಏಳು ಹೆಸರು, ಆರರ ಮೇಲೆ ಓರೆಗೆರೆ. ಚಳಿಗಾಲದಲ್ಲಿ ಅದರ ಅಂಚಿನಲ್ಲಿ ಅವಳೇ ಪೆನ್ಸಿಲಿನಿಂದ 'ಕಾಲರಾ?' ಎಂದು ಗುರುತು ಹಾಕಿಕೊಂಡಿದ್ದಳು. ಈಗ ತಾರೀಖುಗಳನ್ನು ಬೆರಳಿಟ್ಟು ಓದಿದಳು. ಒಂದು ಸಾವಿಗೂ ಇನ್ನೊಂದಕ್ಕೂ ಮೂರು ದಿನ. ಮೊದಲು ಯಜಮಾನ, ಆಮೇಲೆ ಮಕ್ಕಳು, ದಾಖಲೆಯಲ್ಲಿ ಬರೆದ ಸಾಲಿನಂತೆಯೇ. ಕಾಲರಾ ಹೀಗೆ ಸರದಿಯಲ್ಲಿ ನಿಂತು ಬರುವುದಿಲ್ಲ.

ಆರನೇ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಏನೂ ಬಯ್ಯಲಿಲ್ಲ. ನೀನು ಬೇರೆ ಬರೆಯಲಿಲ್ಲ, ಅಲ್ಲವಾ ಎಂದಷ್ಟೇ ಕೇಳಿದಳು. ಪೇಜೆನ್ ತಲೆ ತಗ್ಗಿಸಿದಳು. ಅತ್ತೆ ಚಾಪೆಯ ಮೇಲೆ ಕುಸಿದು ಕುಳಿತು, ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳಿದಳು. ಜಮೀನು ಸಿಗದ ತಮ್ಮನೊಬ್ಬ ಮಂತ್ರಗಾರನಿಗೆ ಒಂದು ಹಂದಿ ಕೊಟ್ಟು, ಅಣ್ಣನ ಮನೆಯ ಏಳು ಜನರನ್ನು ಚಾಂಗ್ ಎಂದು ಬರೆಸಿ ಸುಡಿಸಿದ. ಹಿರಿಯರಿಗೆ ಕೋಪವೂ ಇಲ್ಲ, ಕರುಣೆಯೂ ಇಲ್ಲ. ಚಾಂಗ್ ಎಂದರೆ ಸತ್ತವನು, ನಮ್ಮವನು. ಇವನಿನ್ನೂ ಮೇಲೆಯೇ ಏಕಿದ್ದಾನೆ ಎಂದು ಬಂದು ಕರೆದೊಯ್ಯುತ್ತಾರೆ. ಗಡಿಗೆಯಲ್ಲಿ ಕೂರಿಸಿಯೇ ಒಯ್ಯುತ್ತಾರೆ.

"ವಾಪಸ್ ಕೇಳೋಕಾಗಲ್ವಾ ಅತ್ತೆ?"

"ಸುಟ್ಟದ್ದು ತಲುಪಿಬಿಡ್ತು ಕಣಮ್ಮ. ನಾಳಿದ್ದು ಇಪ್ಪತ್ತು ಪಟ್ಟಿ ಸುಟ್ರೂ ಅವೆಲ್ಲ ಆಮೇಲಿನವೇ. ಮೊದಲನೇದು ಅವರ ಕೈಲಿದೆ."

ಸೋಮವಾರ ಜುನ್‌ಯೀ. ಗುರುವಾರ ಸಿನ್‌ರೂ. ಪೇಜೆನ್ ಮತ್ತೆ ಪುಟದ ಮೇಲೆ ಬಗ್ಗಿದಳು. ಏಳನೆಯ ಹೆಸರು ಆರು ವರ್ಷದ ಹುಡುಗಿಯದು. ಅವಳ ಮೇಲೆ ಓರೆಗೆರೆ ಇರಲಿಲ್ಲ. ಪಟ್ಟಿ ಸುಟ್ಟ ದಿನದಿಂದ ಎಣಿಸಿದರೆ ಹತ್ತೊಂಬತ್ತನೆಯ ದಿನ, ಅಂದರೆ ಅವಳ ಸರದಿಗೆ ಎರಡು ದಿನ ಮೊದಲು, ಅವಳನ್ನು ಸು ಎಂಬುವರ ಮನೆಗೆ ದತ್ತು ಕೊಟ್ಟು ಮನೆತನದ ಹೆಸರು ಬದಲಿಸಿದ್ದಾಗಿ ಟಿಪ್ಪಣಿಯಿತ್ತು. ಯುದ್ಧದ ನಂತರದ ದಾಖಲೆಯಲ್ಲೂ ಅವಳಿದ್ದಳು. ಎಂಬತ್ತೊಂದು ವರ್ಷ ಬದುಕಿದ್ದಳು. ಚಾಂಗ್ ಎಂದು ಪಟ್ಟಿ ಹಿಡಿದು ಬಂದವರಿಗೆ ಆ ಮನೆತನದ ಹುಡುಗಿ ಸಿಕ್ಕಿರಲಿಲ್ಲ.

ಅಂದು ಸಂಜೆ ಬಾಗಿಲು ಹಾಕುವ ಮುನ್ನ ಪೇಜೆನ್ ನೋಂದಣಿ ಕಚೇರಿಗೆ ಓಡಿದಳು. ಮಗುವಿಗೆ ತಾಯಿಯ ಮನೆತನದ ಹೆಸರು ಕೊಡಬಹುದು. ತಂದೆ ತಾಯಿ ಇಬ್ಬರ ಸಹಿ ಮತ್ತು ಮೊಹರು ಬೇಕು ಎಂದರು. ತಂದೆ ತೀರಿಕೊಂಡಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು, ತಿಂಗಳುಗಳೇ ಹಿಡಿಯಬಹುದು ಎಂದರು. ಹೊರಡುವಾಗ, ಆ ಹುಡುಗಿ ಸೇರಿದ ಸು ಮನೆಯ ಪುಟದ ನಕಲಿಗೂ ಅರ್ಜಿ ಬರೆದು ಕೊಟ್ಟಳು. ಸೋಮವಾರ ಬನ್ನಿ ಎಂದರು.

ಇದನ್ನೆಲ್ಲ ಕೇಳಿ ಜುನ್‌ಯೀ ಶನಿವಾರ ನಕ್ಕ. ಭಾನುವಾರ ಊಟ ಬಿಟ್ಟ. ಆದರೆ ತನ್ನ ಹೆಸರು ಬದಲಿಸಲೂ ಒಪ್ಪಲಿಲ್ಲ, ಮಗಳ ಕಾಗದಕ್ಕೆ ಸಹಿಯನ್ನೂ ಹಾಕಲಿಲ್ಲ. ಅಪ್ಪನ ಶವಪೆಟ್ಟಿಗೆ ಕೋಣೆಯಲ್ಲಿತ್ತು, ಅದರ ಪಕ್ಕದಲ್ಲಿ ಅಣ್ಣನದು. ತಾನೂ ಹೋದರೆ ಇವರ ಮುಂದೆ ಊದುಬತ್ತಿ ಹಿಡಿಯಲು ಆ ಹೆಸರಿನವರು ಸಿನ್‌ರೂ ಬಿಟ್ಟರೆ ಯಾರೂ ಇಲ್ಲ. ಅವಳೂ ಕೋ ಆದರೆ ಈ ಮನೆ ಮುಗಿಯಿತು ಎಂದು ಅವನು ಬೆಳಗಿನ ತನಕ ಒಂದೇ ದನಿಯಲ್ಲಿ ಹೇಳುತ್ತಿದ್ದ.

ಸೋಮವಾರ ಹತ್ತೂ ಮುಕ್ಕಾಲು. ಸಿನ್‌ರೂ ಅತ್ತೆಯ ಮನೆಯಲ್ಲಿದ್ದಳು. ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಎಂದಿನಂತೆ ಗುಡಾಣಗಳ ಸುತ್ತ ನೊಣಗಳ ಸದ್ದಿರಬೇಕಿತ್ತು; ಒಂದು ನೊಣವೂ ಇರಲಿಲ್ಲ. ಜುನ್‌ಯೀ ಮೋಟು ಮಣೆಯ ಮೇಲೆ ಕುಳಿತಿದ್ದ. ಪೇಜೆನ್ ಕಾಗದವನ್ನು ರಟ್ಟಿನ ಮೇಲೆ ಇಟ್ಟು ಅವನ ಮುಂದೆ ಹಿಡಿದಿದ್ದಳು.

"ನನ್ನ ಹೆಸರನ್ನ ನೀನೇ ಅವರ ಕೈಗೆ ಕೊಟ್ಟೆ. ಈಗ ಮಗಳನ್ನೂ ನನ್ನಿಂದ ಕಿತ್ಕೋತೀಯಾ?"

"ಹೌದು," ಎಂದಳು ಅವಳು.

ಅವನು ರಟ್ಟನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಆಮೇಲೆ ಸಹಿ ಹಾಕಿದ. ಮೊಹರಿನ ಮೇಲೆ ಬಾಯಿಂದ ಹಬೆ ಊದಿ ಒತ್ತಿದ. ಒತ್ತಿದ ಕೈ ಎತ್ತುವ ಮೊದಲೇ ಎಲ್ಲ ಗುಡಾಣಗಳ ಮುಚ್ಚಳಗಳೂ ಒಮ್ಮೆ ಅಲುಗಾಡಿದವು.

ಹಳೆಯ ಮಣ್ಣಿನ ವಾಸನೆ. ಬಹಳ ಆಳದ್ದು, ತಣ್ಣಗಿನದು. ಜುನ್‌ಯೀಯ ಎಡಗಾಲಿನ ಹೆಬ್ಬೆರಳು ಒಳಕ್ಕೆ ಮಡಚಿತು. ಚಪ್ಪಲಿ ಕಳಚಿ ಬಿತ್ತು. ಪಾದ ಮಡಚಿತು. ಹಸಿ ಬಿದಿರು ಸೀಳಿದ ಸದ್ದು. ಅವನು ಮಣೆಯಿಂದ ಉರುಳಿದ. ಕಣಕಾಲು ಮೇಲಕ್ಕೆ ಮುರಿಯಿತು, ಚರ್ಮ ಹರಿದು ಬೆಳ್ಳಗಿನದು ಇಣುಕಿತು. ಅವನು ಚೀರಿದ. ಯಾರೂ ಕಾಣಿಸುತ್ತಿರಲಿಲ್ಲ. ಆದರೆ ಅವನ ತೊಡೆಯ ಮೇಲೆ ಬೆರಳುಗಳ ಗುಳಿ ಬಿದ್ದಿದ್ದವು, ಹತ್ತಾರು, ಚಿಕ್ಕವು ದೊಡ್ಡವು. ಅವಸರವಿಲ್ಲದ ಕೈಗಳು. ದಿನದ ಕೆಲಸ ಮಾಡುವ ಕೈಗಳು. ಅವನು ಬೆನ್ನ ಮೇಲೆ ಜಾರುತ್ತ ಗುಡಾಣದ ಕಡೆ ಹೋದ. ಉಗುರುಗಳು ನೆಲಕ್ಕೆ ಕಚ್ಚಿದವು, ಕಿತ್ತು ಬಂದವು. ಅಂಚಿಗೆ ಏರುವಾಗ ಬಲಗೈಯನ್ನು ಅವಳತ್ತ ಚಾಚಿದ.

"ಹಿಡ್ಕೋ. ಪೇಜೆನ್, ಹಿಡ್ಕೋ."

ಎರಡು ಹೆಜ್ಜೆ ಅಷ್ಟೇ. ಗುಡಾಣದಿಂದ ಕಪ್ಪು ರಸ ಉಕ್ಕಿ ಸಿಡಿಯುತ್ತಿತ್ತು. ಅವಳ ಕೈಯಲ್ಲಿದ್ದ ಕಾಗದದ ಮೇಲೆ ಮೊಹರಿನ ಕೆಂಪು ಇನ್ನೂ ಹಸಿಯಾಗಿತ್ತು. ಒಂದು ಹನಿ ಬಿದ್ದರೂ ಅದು ಕೆಡುತ್ತಿತ್ತು. ಪೇಜೆನ್ ಕಾಗದವನ್ನು ಎದೆಗೆ ಅವಚಿಕೊಂಡಳು. ಹಿಂದಕ್ಕೆ ಸರಿದಳು. ಅವನ ಕಣ್ಣು ಅದನ್ನು ನೋಡಿತು. ಸೊಂಟ ಮುರಿಯಿತು. ಬೆನ್ನು ಮುರಿಯಿತು, ಒಂದೊಂದೇ ಮಣಿಯಾಗಿ. ಚೀರಾಟ ಗುಳಗುಳ ಎಂದಿತು. ಮುಚ್ಚಳ ತಾನಾಗಿ ಬಂದು ಕೂತಿತು.

ಅವಳು ಮುಖ ತೊಳೆದಳು. ಅಂಗಿ ಬದಲಿಸಿದಳು. ಮೊದಲು ಕಚೇರಿ, ಆಮೇಲೆ ಪೊಲೀಸ್ ಎಂದು ತನಗೆ ತಾನೇ ಹೇಳಿಕೊಂಡಳು, ಮಕ್ಕಳಿಗೆ ಪಾಠ ಹೇಳಿದ ಹಾಗೆ.

ಕಚೇರಿಯಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಗುಮಾಸ್ತೆ ವಯಸ್ಸಾದ ಹೆಂಗಸು, ಮಾತುಗಾರ್ತಿ. ಸಹಿ ನೋಡಿದಳು, ಮೊಹರು ನೋಡಿದಳು, ಯಜಮಾನರು ಬರಲಿಲ್ಲವೇ ಎಂದು ಕೇಳಿದಳು. ಬರಲಾಗಲಿಲ್ಲ ಎಂದಳು ಪೇಜೆನ್. ಈಗೀಗ ತುಂಬಾ ಜನ ಮಕ್ಕಳಿಗೆ ತಾಯಿಯ ಹೆಸರು ಕೊಡುತ್ತಾರೆ, ಒಳ್ಳೆಯದೇ ಬಿಡಿ ಎನ್ನುತ್ತ, ಶುಕ್ರವಾರ ಕೇಳಿದ್ದ ಹಳೆಯ ಪುಟದ ನಕಲನ್ನು ಗಾಜಿನ ಕೆಳಗಿನಿಂದ ತಳ್ಳಿದಳು.

ಸು ಮನೆಯ ಪುಟ. ದತ್ತು ಬಂದ ಹುಡುಗಿ ಅಲ್ಲಿದ್ದಳು, ಓರೆಗೆರೆಯಿಲ್ಲದೆ. ಅವಳ ಮೇಲಿನ ಸಾಲು ದತ್ತು ತೆಗೆದುಕೊಂಡ ತಾಯಿಯದು. ಇಪ್ಪತ್ತೊಂಬತ್ತು ವರ್ಷ. ಆ ಹೆಂಗಸಿನ ಮೇಲೆ ಓರೆಗೆರೆ ಇತ್ತು. ಪೇಜೆನ್ ತಾರೀಖನ್ನು ಎರಡು ಸಲ ಎಣಿಸಿದಳು. ಇಪ್ಪತ್ತೊಂದನೆಯ ದಿನ. ಹುಡುಗಿಯ ಸರದಿಯ ದಿನ. ಮನೆಯ ಉಳಿದವರು ಮೂವತ್ತು ನಲವತ್ತು ವರ್ಷ ಬದುಕಿದ್ದರು. ಹಿರಿಯರು ಖಾಲಿ ಕೈಯಲ್ಲಿ ಹೋಗಿರಲಿಲ್ಲ. ಹುಡುಗಿಗೆ ಹೆಸರು ಕೊಟ್ಟು ಅಡಗಿಸಿದವಳನ್ನು ಒಯ್ದಿದ್ದರು.

ಗುಮಾಸ್ತೆ ಮುದ್ರೆಯನ್ನು ಮಸಿಗೆ ಅದ್ದಿ ಕಾಗದದ ಮೇಲೆ ಹಿಡಿದಿದ್ದಳು.

"ಯಾಕಮ್ಮಾ, ಬೆವರ್ತಿದ್ದೀರಲ್ಲ. ಇನ್ನೊಂದ್ಸಲ ಯೋಚ್ನೆ ಮಾಡ್ತೀರಾ?"

"ಇಲ್ಲ. ಹಾಕಿ."

ಮೂರು ದಿನ ಪೊಲೀಸರ ಪ್ರಶ್ನೆಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಅವಳು ಮಗಳಿಗೆ ಕಲಿಸಿದಳು. ಕನ್ನಡಿಯಿಲ್ಲದೆ ಜಡೆ ಹೆಣೆದುಕೊಳ್ಳುವುದು. ಜ್ವರ ಬಂದರೆ ಯಾರಿಗೆ ಹೇಳಬೇಕು. ಕೀಲುಂಗ್ ಅಜ್ಜಿಯ ಮನೆಯ ಫೋನ್ ನಂಬರು, ಬಾಯಿಪಾಠ. ಹೊಸ ಹೆಸರನ್ನು ಹಾಳೆ ತುಂಬ ಬರೆದ ಮೇಲೆ ಸಿನ್‌ರೂ, ಅಪ್ಪನಿಗೆ ಇನ್ನೂ ಅಪ್ಪ ಅನ್ನಬಹುದಾ ಎಂದು ಕೇಳಿದಳು. ಅನ್ನಬಹುದು ಎಂದಳು ಪೇಜೆನ್.

ಗುರುವಾರ ದೌಲಿಯು ನಿಲ್ದಾಣ. ಕೀಲುಂಗಿನಿಂದ ಬಂದಿದ್ದ ಪೇಜೆನ್‌ಳ ತಾಯಿ ಮೊಮ್ಮಗಳ ಕೈ ಹಿಡಿದು ರೈಲು ಹತ್ತಿದಳು. ಮಗಳು ಸಂಜೆಯ ರೈಲಿಗೆ ಬರುತ್ತಾಳೆಂದು ಆಕೆ ನಂಬಿದ್ದಳು. ಪೇಜೆನ್ ಬೋಗಿಯ ಬಾಗಿಲಲ್ಲಿ ಮಂಡಿಯೂರಿ ಮಗಳ ಕಾಲರು ಸರಿಮಾಡಿದಳು.

"ರೈಲು ಸ್ಟೇಷನ್ ಬಿಡೋ ತನಕ ಹಿಂದೆ ತಿರುಗಿ ನೋಡಬಾರದು. ಯಾರು ಕರೆದ್ರೂ. ನಾನು ಕರೆದ್ರೂ."

"ಆಟಾನಾ?"

"ಹೂಂ. ಆಟ."

ಹನ್ನೊಂದಕ್ಕೆ ಎರಡು ನಿಮಿಷ. ಬಾಗಿಲು ಮುಚ್ಚಬೇಕಿತ್ತು. ಮುದುಕನೊಬ್ಬ ಎಲೆಕೋಸಿನ ಮೂಟೆಯನ್ನು ಬಾಗಿಲಲ್ಲಿ ಸಿಕ್ಕಿಸಿಕೊಂಡ. ಸೀಟಿ ಕೇಳಿಸಿತು. ಮೂಟೆ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ರೈಲು ನಿಂತೇ ಇತ್ತು. ಹನ್ನೊಂದು.

ಪ್ಲಾಟ್‌ಫಾರಮಿನ ಸಿಮೆಂಟಿನ ಕೆಳಗಿನಿಂದ ತಣ್ಣನೆಯ ಮಣ್ಣಿನ ವಾಸನೆ ಎದ್ದಿತು. ರೈಲು ಅಲುಗಿತು. ಕಿಟಕಿಯಲ್ಲಿ ಮಗಳ ಜಡೆಯ ಹಿಂಭಾಗ ಕಾಣುತ್ತಿತ್ತು. ಪೇಜೆನ್ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಎಡಗಾಲಿನ ಹೆಬ್ಬೆರಳು ಒಳಕ್ಕೆ ಮಡಚಿತು. ಅವಳು ಕೈಬೆರಳುಗಳನ್ನು ಬಾಯಿಗೆ ತುರುಕಿಕೊಂಡಳು. ಪಾದ. ಹಲ್ಲು ಬೆರಳಿನ ಮೂಳೆಗೆ ತಾಕಿತು. ಒಂದು ಬೋಗಿ ದಾಟಿತು. ಕಣಕಾಲು. ರಕ್ತ ಮೊಣಕೈ ತನಕ ಇಳಿಯಿತು. ಇನ್ನೊಂದು ಬೋಗಿ. ಪಕ್ಕದಲ್ಲಿದ್ದ ಯಾರೋ ಕೂಗಿಕೊಂಡು ಓಡಿದರು. ಅವಳು ಕೂಗಲಿಲ್ಲ. ಮಂಡಿ ಎದೆಗೆ ಏರಿತು. ಕೊನೆಯ ಬೋಗಿ. ಅದರ ಹಿಂದಿನ ಕೆಂಪು ದೀಪ ಕಂಬದಿಂದ ಕಂಬಕ್ಕೆ ಚಿಕ್ಕದಾಗುತ್ತ ಹೋಗಿ, ತಿರುವಿನಲ್ಲಿ ಮರೆಯಾಯಿತು.

ಆಗ ಪೇಜೆನ್ ಬಾಯಿಂದ ಕೈ ತೆಗೆದಳು.